ಬಾವಲಿಯ ಸೆಂಟ್, ಮೈಸೂರಿನ ಸೈಟು

ಬಾವಲಿ ಸೇತುವೆ ದಾಟಿದರೆ ನೆಲ ಅಳೆಯುವ ಮಾತೇ ಬದಲಾಗುತ್ತದೆ. ಈಚೆ ದಡದಲ್ಲಿ ಸೆಂಟ್, ಆಚೆ ದಡದಲ್ಲಿ ಗುಂಟೆ, ಮೈಸೂರಿಗೆ ಹೋದರೆ ಚದರಡಿ. ಮಕ್ಕಳ ಓದಿಗೋ ಉದ್ಯೋಗಕ್ಕೋ ಮೈಸೂರಿನಲ್ಲೊಂದು ಮನೆ ಮಾಡಬೇಕೆಂಬ ಆಸೆ ನಮ್ಮ ಕನ್ನಡ ಮನೆಗಳಿಗೆ ಹೊಸದಲ್ಲ. ಆದರೆ ಎರಡೂ ಊರಿನ ಬೆಲೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿ ನೋಡದೆ ಮುಂಗಡ ಕೊಟ್ಟುಬಿಡುವವರಿದ್ದಾರೆ.

ಒಂದು ಸೆಂಟ್ ಎಂದರೆ 435.6 ಚದರಡಿ. ಎರಡೂವರೆ ಸೆಂಟ್ ಸೇರಿದರೆ ಒಂದು ಗುಂಟೆ. ಮೈಸೂರಿನವರ ‘ಮೂವತ್ತು ನಲವತ್ತು’ ಸೈಟಿನಲ್ಲಿರುವುದು 1,200 ಚದರಡಿ, ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಸೆಂಟ್. ಚದರಡಿಗೆ 2,000 ರೂಪಾಯಿ ಎಂದು ಯಾರಾದರೂ ಹೇಳಿದರೆಂದಿಟ್ಟುಕೊಳ್ಳಿ. ಕೇಳಲು ಸಣ್ಣ ಮೊತ್ತ. ಸೆಂಟಿಗೆ ತಿರುಗಿಸಿದರೆ 8,71,200 ರೂಪಾಯಿ!

ಎರಡೂಮುಕ್ಕಾಲು ಸೆಂಟಿನಲ್ಲಿ ನಮ್ಮ ರೀತಿಯ ಮನೆ ಏಳದು. ಇಲ್ಲಿ ಬಾವಿ ಬೇಕು. ಬಾವಿಗೂ ಕಕ್ಕಸಿನ ಗುಂಡಿಗೂ ಏಳೂವರೆ ಮೀಟರ್ ಅಂತರ ಬೇಕು. ಇಳಿಜಾರು ಮಾಡಿನ ನೀರು ಬೀಳಲು ಅಂಗಳ ಬೇಕು. ಮೈಸೂರಿನಲ್ಲಿ ನಲ್ಲಿಯೂ ಒಳಚರಂಡಿಯೂ ಇರುವ ಬಡಾವಣೆಯಲ್ಲಿ ಇವು ಬೇಡ. (ನಮ್ಮ ಹೊಳೆ ಕಬಿನಿ ಸೇರುತ್ತದೆ, ಬಿದರಗೋಡಿನಲ್ಲಿ ಎತ್ತಿದ ಕಬಿನಿ ನೀರು ಮೈಸೂರಿನ ನಲ್ಲಿಗೆ ಹೋಗುತ್ತದೆ. ಅಲ್ಲಿ ಮನೆ ಮಾಡಿದವರು ಕುಡಿಯುವುದೂ ಅರ್ಧ ಊರಿನ ನೀರನ್ನೇ.) ಅಲ್ಲಿಯ ತಾರಸಿಯನ್ನು ನೋಡಿ ಬಂದು ಇಲ್ಲಿಯೂ ಸಪಾಟು ತಾರಸಿ ಹಾಕಿಸಿದವರು ವಯನಾಡಿನ ಮಳೆಗೆ ಅದು ಸೋರಿ, ಮೇಲೊಂದು ಶೀಟಿನ ಮಾಡು ಕಟ್ಟಿಸಿದ್ದನ್ನು ನಾವು ಕಂಡಿದ್ದೇವೆ. ಎರಡು ಮಾಡಿನ ಖರ್ಚು ಯಾರ ಅಂದಾಜಿನಲ್ಲೂ ಇರುವುದಿಲ್ಲ.

ಇಲ್ಲಿಯ ಗದ್ದೆ ಮಾರಿ ಅಲ್ಲಿ ಸೈಟು ಕೊಳ್ಳುವ ಯೋಚನೆಯವರು ಇನ್ನೂ ಎಚ್ಚರವಾಗಿರಬೇಕು. 2008ರ ಕೇರಳ ಗದ್ದೆ ಸಂರಕ್ಷಣಾ ಕಾನೂನಿನ ಪ್ರಕಾರ ಡಾಟಾ ಬ್ಯಾಂಕಿಗೆ ಸೇರಿದ ಗದ್ದೆಯನ್ನು ಮನಸ್ಸು ಬಂದಂತೆ ಮಣ್ಣು ತುಂಬಿ ಮನೆ ಜಾಗ ಮಾಡುವಂತಿಲ್ಲ. ಬೇರೆ ನೆಲವಿಲ್ಲದ ಒಡೆಯನಿಗೆ ಸ್ವಂತ ಮನೆಗೆಂದು ಪಂಚಾಯತಿನಲ್ಲಿ ಹತ್ತು ಸೆಂಟಿನವರೆಗೆ ಅನುಮತಿಗೆ ದಾರಿಯುಂಟು, ಅಷ್ಟೆ. ಆದ್ದರಿಂದ ಗದ್ದೆಗೆ ಗದ್ದೆಯ ಬೆಲೆಯೇ ಸಿಗುವುದು. ರಸ್ತೆ ಬದಿಯ ಕರೆ ಜಾಗದ ಬೆಲೆ ಕೇಳಿ ಲೆಕ್ಕ ಹಾಕಿದರೆ ಕೆಟ್ಟೆವು.

ನೋಂದಣಿಯ ಖರ್ಚಿನಲ್ಲಿ ಮೈಸೂರೇ ಅಗ್ಗ. ಕೇರಳದಲ್ಲಿ ಮುದ್ರಾಂಕ ನೂರಕ್ಕೆ 8, ನೋಂದಣಿ 2. ಕರ್ನಾಟಕದಲ್ಲಿ ಸೈಟಿಗೆ ಮುದ್ರಾಂಕ 5. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ 1ರಿಂದ 2ಕ್ಕೆ ಏರಿತು. ಇಪ್ಪತ್ತು ಲಕ್ಷದ ಆಸ್ತಿಗೆ ಇಲ್ಲಿ ಎರಡು ಲಕ್ಷ, ಅಲ್ಲಿ ಸೆಸ್ಸು ಸರ್‌ಚಾರ್ಜು ಸೇರಿ ಒಂದೂವರೆ ಲಕ್ಷದಷ್ಟು.

ಪತ್ರದ ಭಾಷೆಯೂ ಸಣ್ಣ ವಿಷಯವಲ್ಲ. ಇಲ್ಲಿ ಆಧಾರ ಬರೆಯುವುದು ಮಲಯಾಳದಲ್ಲಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಇನ್ನೊಬ್ಬರಿಂದ ಓದಿಸಿ ಹೆಬ್ಬೆಟ್ಟು ಒತ್ತಿದವರು. ಮೈಸೂರಿನ ಪತ್ರ ಕನ್ನಡದಲ್ಲಿದೆ, ನಾವೇ ಓದಬಹುದು. ಓದಬಲ್ಲೆವೆಂಬ ಧೈರ್ಯದಲ್ಲೇ ಮೋಸ ಹೋಗುವುದೂ ಉಂಟು: ಭೂಪರಿವರ್ತನೆಯಾಗದ, ಬಡಾವಣೆಗೆ ಮಂಜೂರಾತಿಯಿಲ್ಲದ ರೆವಿನ್ಯೂ ಸೈಟನ್ನೂ ಅಚ್ಚ ಕನ್ನಡದಲ್ಲೇ ಮಾರುತ್ತಾರೆ. ಇ-ಖಾತೆ ಮತ್ತು ಮಂಜೂರಾದ ನಕ್ಷೆ ಕಣ್ಣಾರೆ ನೋಡದೆ ಮುಂಗಡ ಕೊಡಕೂಡದು.

ಇನ್ನು ದಾರಿ. ನಾಗರಹೊಳೆ ಕಾಡಿನ ನಡುವಿನ ಬಾವಲಿ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ತಂದೆತಾಯಿ ಇಲ್ಲಿ, ಮಕ್ಕಳು ಅಲ್ಲಿ ಎಂದು ಏರ್ಪಾಡು ಮಾಡುವವರು, ರಾತ್ರಿ ಫೋನು ಬಂದರೆ ಗೋಣಿಕೊಪ್ಪ, ಕುಟ್ಟದ ಸುತ್ತುದಾರಿಯಲ್ಲಿ ಎಷ್ಟು ಹೊತ್ತಿಗೆ ತಲುಪಬಹುದೆಂದು ಸೈಟು ನೋಡಲು ಹೊರಡುವ ಮೊದಲೇ ಒಮ್ಮೆ ಹೋಗಿ ನೋಡಿ ಬರಲಿ.