ದೂರನ್ನು ಮುಚ್ಚುವವರು ಯಾರು?

2025ರ ಜುಲೈ 25ರ ಬೆಳಿಗ್ಗೆ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪೀಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಪ್ರಾಣ ಕಳೆದುಕೊಂಡರು. ಚಾವಣಿಯಿಂದ ಕಲ್ಲಿನ ಚೂರು ಉದುರುತ್ತಿದೆ ಎಂದು ಮಕ್ಕಳು ಶಿಕ್ಷಕರಿಗೆ ಹೇಳಿದ್ದರೆಂದು ಪತ್ರಿಕೆಗಳು ಬರೆದವು. ಶಿಥಿಲ ಕಟ್ಟಡಗಳ ಮಾಹಿತಿಯನ್ನು ಜಿಲ್ಲಾಡಳಿತ ಮೊದಲೇ ಕೇಳಿತ್ತು. ಬಂದ ಪಟ್ಟಿಯಲ್ಲಿ ಈ ಶಾಲೆಯ ಹೆಸರೇ ಇರಲಿಲ್ಲ ಎಂದರು ಜಿಲ್ಲಾಧಿಕಾರಿ.

ಮಕ್ಕಳ ಕಣ್ಣಿಗೆ ಬಿದ್ದದ್ದು ಕಚೇರಿಯ ಪಟ್ಟಿಗೆ ಸೇರಲಿಲ್ಲ. ಕಟ್ಟಡದ ನಿರ್ವಹಣೆಗೆಂದು ಸಾಫ್ಟ್‌ವೇರ್ ಕೊಳ್ಳಲು ಹೊರಟ ಶಾಲೆ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಡೆಮೊದಲ್ಲಿ ಕಾಣುವ ಬಣ್ಣಬಣ್ಣದ ಚಾರ್ಟ್‌ಗಳು ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಇಷ್ಟವಾಗಬಹುದು. ಆದರೆ ಶೌಚಾಲಯದ ಚಿಲಕ ಮುರಿದದ್ದು ಮೊದಲು ಗೊತ್ತಾಗುವುದು ಆಯಾಗೆ. ಕೊಳ್ಳುವ ಮುನ್ನ ಮೊಬೈಲನ್ನು ಅವರ ಕೈಗೇ ಕೊಟ್ಟು ನೋಡಬೇಕು. ಒಂದು ಫೋಟೊ, ಕನ್ನಡದಲ್ಲಿ ಎರಡು ಮಾತು, ಅಷ್ಟಕ್ಕೆ ದೂರು ದಾಖಲಾಗಬೇಕು. ವಿಭಾಗ, ಉಪವಿಭಾಗ, ಆದ್ಯತೆ ಎಂದು ಏಳೆಂಟು ಕಡೆ ತುಂಬಿಸಿದರೆ ಅವರು ಆ ಆ್ಯಪನ್ನು ಮತ್ತೆ ಮುಟ್ಟುವುದಿಲ್ಲ. ಬಾಗಿಲಿಗೆ ಕ್ಯುಆರ್ ಕೋಡ್ ಅಂಟಿಸಿದರೆ ಯಾವ ಮಹಡಿ, ಯಾವ ಕೋಣೆ ಎಂದು ಬರೆಯುವ ಕೆಲಸವೂ ತಪ್ಪುತ್ತದೆ. 1994ರಲ್ಲಿ ಜಪಾನಿನಲ್ಲಿ ಈ ಕೋಡ್ ಹುಟ್ಟಿದ್ದೇ ಕಾರಿನ ಬಿಡಿಭಾಗಗಳ ಜಾಡು ಹಿಡಿಯಲು.

ಇನ್ನು, ದೂರನ್ನು ಮುಚ್ಚುವ ಅಧಿಕಾರ ಯಾರದು? ಪ್ಲಂಬರ್ 'ಆಯ್ತು ಸಾರ್' ಎಂದು ಹೊರಟ ಕೂಡಲೇ ಕಂಪ್ಯೂಟರಿನಲ್ಲಿ ಕೆಲಸ ಮುಗಿದಂತಾದರೆ, ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ದೂರು ಕೊಟ್ಟವರೇ ನೋಡಿ ಒಪ್ಪಬೇಕು. ತಡವಾದರೆ ಅದು ತಾನಾಗಿ ಮುಖ್ಯೋಪಾಧ್ಯಾಯರಿಗೆ, ಅಲ್ಲೂ ಕೂತರೆ ಆಡಳಿತ ಮಂಡಳಿಗೆ ಹೋಗಬೇಕು. ಈ ಸೌಲಭ್ಯವಿಲ್ಲದ ಸಾಫ್ಟ್‌ವೇರ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕೆಡುವ ಮುನ್ನವೇ ಎಚ್ಚರಿಸುವ ಕ್ಯಾಲೆಂಡರೂ ಅಷ್ಟೇ ಮುಖ್ಯ. ತಾರಸಿಯ ಮಳೆನೀರಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನಿಂತ ನೀರು ಬಿರುಕಿನಲ್ಲಿ ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಸೀಳಿ ಕೆಡವುತ್ತದೆ. ಮೇ ತಿಂಗಳಲ್ಲಿ ಒಬ್ಬರು ಪೊರಕೆ ಹಿಡಿದು ಮೇಲೆ ಹತ್ತಿದ್ದರೆ ಅಷ್ಟೂ ತಪ್ಪುತ್ತಿತ್ತು. ಟ್ಯಾಂಕ್ ತೊಳೆಯುವುದು, ಅಗ್ನಿಶಾಮಕ ಸಿಲಿಂಡರಿನ ಒತ್ತಡ ನೋಡುವುದು ಇದೇ ಸಾಲಿಗೆ ಸೇರುತ್ತವೆ.

ಒಪ್ಪಂದಕ್ಕೆ ಸಹಿ ಹಾಕುವಾಗ ಇನ್ನೊಂದು ಮಾತು. ಅಮೆರಿಕದ ಶಾಲೆಗಳಿಗೆಂದೇ 1999ರಲ್ಲಿ ಶುರುವಾದ ಸ್ಕೂಲ್‌ಡ್ಯೂಡ್ ಎಂಬ ನಿರ್ವಹಣಾ ಸಾಫ್ಟ್‌ವೇರ್ ಮುಂದೆ ಬ್ರೈಟ್ಲಿ ಕಂಪನಿಯ ಭಾಗವಾಯಿತು. 2022ರಲ್ಲಿ ಆ ಕಂಪನಿಯನ್ನು ಸೀಮೆನ್ಸ್ ಕೊಂಡಿತು. ಒಡೆತನ ಹೀಗೆ ಕೈ ಬದಲಾಗುತ್ತದೆ. ಶಾಲೆಯ ದಾಖಲೆಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹೊರತೆಗೆದುಕೊಳ್ಳುವ ಹಕ್ಕನ್ನು ಮೊದಲೇ ಬರೆಸಿಕೊಳ್ಳಬೇಕು.

ಹಳ್ಳಿಯ ಸರ್ಕಾರಿ ಶಾಲೆಗೆ ಇದೆಲ್ಲ ಕೈಗೆಟುಕದು. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ನೂರರೊಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಸಿಗುವ ಸಂಯುಕ್ತ ಶಾಲಾ ಅನುದಾನ ಹೆಚ್ಚೆಂದರೆ 25,000 ರೂಪಾಯಿ. ಸೀಮೆಸುಣ್ಣದಿಂದ ಹಿಡಿದು ಸಣ್ಣಪುಟ್ಟ ರಿಪೇರಿವರೆಗೆ ಅದರಲ್ಲೇ ಆಗಬೇಕು. ಅಂಥಲ್ಲಿ ಮೊಬೈಲಿನಲ್ಲೇ ತೆರೆಯುವ ಒಂದು ಗೂಗಲ್ ಶೀಟ್ ಸಾಕು: ಎಲ್ಲಿ, ಏನು, ಹೇಳಿದವರು ಯಾರು, ಸರಿಯಾದದ್ದು ಯಾವತ್ತು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಸೇರಿದಾಗ, ಕೊನೆಯ ಕಾಲಂ ಖಾಲಿ ಇರುವ ಸಾಲುಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರಾಯಿತು.