ಡಿಸ್ಕು ಹಾಳಾಗಿಲ್ಲ, ಎಸೆಯಬೇಡಿ
ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಮದುವೆ, ತಾಳಮದ್ದಳೆಯ ವಿಸಿಡಿ ಓಡಿಸುವ ಬಗೆ

ಕಾಸರಗೋಡು: ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡ ಮನೆಗಳಲ್ಲಿ ಟೀವಿ ಸ್ಟ್ಯಾಂಡಿನ ಕೆಳಗಿನ ಖಾನೆ ಎಳೆದರೆ ಇವತ್ತಿಗೂ ಡಿಸ್ಕುಗಳ ಒಂದು ಕಟ್ಟು ಸಿಗುತ್ತದೆ. ಮಗಳ ಮದುವೆ, ಮನೆ ಒಕ್ಕಲು, ಊರ ದೇವಸ್ಥಾನದ ಬ್ರಹ್ಮಕಲಶ, ಅಂಗಳದಲ್ಲೇ ನಡೆದ ಒಂದು ತಾಳಮದ್ದಳೆ. ಮೇಲೆ ಪೆನ್ನಿನಲ್ಲಿ ಬರೆದದ್ದು ಅರ್ಧ ಅಳಿಸಿದೆ. ಅವನ್ನು ಓಡಿಸುತ್ತಿದ್ದ ಪ್ಲೇಯರು ಕೆಟ್ಟು ಗುಜರಿಗೆ ಹೋಗಿ ವರ್ಷಗಳಾದವು. ಹೊಸ ಲ್ಯಾಪ್‌ಟಾಪುಗಳಿಗೆ ಡಿಸ್ಕು ಹಾಕುವ ಜಾಗವೇ ಇಲ್ಲ. ಉಳಿದಿರುವುದು ಮಕ್ಕಳು ಶಾಲೆಗೆ ಹೋಗುವಾಗ ತೆಗೆದ ಹಳೆಯ ಕಂಪ್ಯೂಟರ್. ಅದಕ್ಕೆ ಡಿವಿಡಿ ಡ್ರೈವ್ ಉಂಟು, ಒಳಗೆ ಲಿನಕ್ಸ್ ಉಂಟು.

ನಮ್ಮ ಕಡೆ ಲಿನಕ್ಸ್ ಇರುವುದಕ್ಕೆ ಕಾರಣವೂ ಉಂಟು. ಕೇರಳ ಸರ್ಕಾರ 2001ರ ಹೊತ್ತಿಗೆ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ತಿರುಗಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಗ್ನೂ ಲಿನಕ್ಸಿನಲ್ಲೇ ಐಟಿ ಪಾಠ ಕಲಿತರು, ಪರೀಕ್ಷೆ ಬರೆದರು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪೆನಿಯಾಯಿತು. ಶಾಲೆಯಲ್ಲಿ ಕಲಿತದ್ದನ್ನೇ ಮಕ್ಕಳು ಮನೆಯ ಕಂಪ್ಯೂಟರಿಗೂ ಹಾಕಿಸಿಕೊಂಡರು.

ಅಜ್ಜ ಡಿಸ್ಕು ಕೊಡುತ್ತಾರೆ, ಮೊಮ್ಮಗಳು ಹಾಕುತ್ತಾಳೆ. ಪರದೆಯ ಮೇಲೆ ಫೋಲ್ಡರುಗಳೇನೋ ಬರುತ್ತವೆ. ಎಂಪೆಗ್‌ಎವಿ ಎಂಬುದರ ಒಳಗೆ ‘ಡ್ಯಾಟ್’ ಎಂದು ಕೊನೆಯಾಗುವ ದೊಡ್ಡ ಫೈಲು. ಅದನ್ನು ಕಾಪಿ ಮಾಡಲು ಹೋದರೆ ‘ಇನ್‌ಪುಟ್ ಔಟ್‌ಪುಟ್ ಎರರ್’. ಎರಡು ಸಲ ನೋಡಿ, “ಅಜ್ಜ, ಇದು ಹಾಳಾಗಿದೆ” ಎನ್ನುತ್ತಾಳೆ. ಡಿಸ್ಕು ತೆಂಗಿನ ಮರಕ್ಕೆ ಹಕ್ಕಿ ಬೆದರಿಸಲು ಹೋಗುತ್ತದೆ.

ಇಲ್ಲೇ ತಪ್ಪುವುದು. ಹೆಚ್ಚಿನ ಸಲ ಆ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಎರರ್ ಯಾಕೆ ಬರುತ್ತದೆ?

ಸಾಮಾನ್ಯ ಸಿಡಿಯಲ್ಲಿ ಮಾಹಿತಿ ಸಣ್ಣ ಸಣ್ಣ ತುಂಡುಗಳಲ್ಲಿ ಕೂತಿರುತ್ತದೆ. ಒಂದೊಂದು ತುಂಡಿನಲ್ಲಿ 2,048 ಬೈಟ್. ಗೀರು ಬಿದ್ದರೆ ಸರಿಪಡಿಸಿಕೊಳ್ಳಲು ಪ್ರತಿ ತುಂಡಿನಲ್ಲೂ ಇನ್ನಷ್ಟು ಜಾಗ ಮೀಸಲು. 1993ರಲ್ಲಿ ವಿಸಿಡಿ ರೂಪಿಸಿದವರು ಆ ಮೀಸಲು ಜಾಗಕ್ಕೂ ವಿಡಿಯೋ ತುಂಬಿಸಿ 2,324 ಬೈಟ್ ಮಾಡಿದರು. ಚಿತ್ರದಲ್ಲಿ ಒಂದು ಚುಕ್ಕೆ ತಪ್ಪಿದರೆ ಯಾರಿಗೆ ಏನು ನಷ್ಟ ಎಂಬುದು ಅವರ ಲೆಕ್ಕ. ಅದರಿಂದಲೇ ಒಂದು ಡಿಸ್ಕಿನಲ್ಲಿ 74 ನಿಮಿಷದ ವಿಡಿಯೋ ಹಿಡಿಸಿತು, ಒಂದು ಸಿನಿಮಾ ಎರಡು ಮೂರು ಡಿಸ್ಕಿನಲ್ಲಿ ಮುಗಿಯಿತು.

ಲಿನಕ್ಸಿನ ಫೈಲ್ ವ್ಯವಸ್ಥೆ 2,048ರ ತುಂಡನ್ನು ಹುಡುಕುತ್ತದೆ. ಸಿಗದೆ ಎರರ್ ಕೊಡುತ್ತದೆ. ವಿಂಡೋಸ್ ಆ ತುಂಡುಗಳಿಗೆ ತಾನೇ ಒಂದು ಹೊದಿಕೆ ಹಾಕಿ ಮಾಮೂಲಿ ಫೈಲಿನಂತೆ ತೋರಿಸುತ್ತದೆ, ಅಷ್ಟೇ ವ್ಯತ್ಯಾಸ. ಸೇರಿನಲ್ಲಿ ಅಳೆಯಬೇಕಾದ ಅಕ್ಕಿಯನ್ನು ಪಾವಿನಲ್ಲಿ ಅಳೆಯಲು ಹೋದ ಹಾಗೆ.

ಹಾಗಾಗಿ ಫೋಲ್ಡರು ತೆರೆಯಲೇಬೇಡಿ, ಫೈಲು ಕಾಪಿ ಮಾಡಲೂ ಹೋಗಬೇಡಿ. ವಿಎಲ್‌ಸಿ ಪ್ಲೇಯರ್ ತೆರೆಯಿರಿ. ‘ಮೀಡಿಯಾ’ ಮೆನುವಿನಲ್ಲಿ ‘ಓಪನ್ ಡಿಸ್ಕ್’ ಒತ್ತಿದರೆ ಡಿವಿಡಿ, ಆಡಿಯೋ ಸಿಡಿ, ಎಸ್‌ವಿಸಿಡಿ/ವಿಸಿಡಿ ಎಂದೆಲ್ಲ ಕಾಣುತ್ತದೆ. ವಿಸಿಡಿ ಆರಿಸಿ ‘ಪ್ಲೇ’ ಕೊಡಿ. ಫೈಲ್ ವ್ಯವಸ್ಥೆಯನ್ನು ಬದಿಗಿಟ್ಟು ಪ್ಲೇಯರು ನೇರ ಡಿಸ್ಕಿನಿಂದಲೇ ಓದುತ್ತದೆ. ಪ್ಯಾರಿಸ್ಸಿನ ಒಂದು ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿ, 2001ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಈ ತಂತ್ರಾಂಶ ಕೆಲವು ಲಿನಕ್ಸ್ ಕಂಪ್ಯೂಟರುಗಳಲ್ಲಿ ಮೊದಲೇ ಇರುತ್ತದೆ. ತೀರಾ ಹಳೆಯ ಯಂತ್ರಕ್ಕೆ ಅದು ಭಾರವಾದರೆ ಎಂಪ್ಲೇಯರ್ ಸಾಕು. ಆದರೆ ಅದರಲ್ಲಿ ಎರಡನೇ ಟ್ರ್ಯಾಕ್ ಎಂದು ಹೇಳಿಕೊಡಬೇಕು, ಒಂದನೆಯದರಲ್ಲಿ ಬರೀ ಫೋಲ್ಡರುಗಳಿರುತ್ತವೆ. ವಿಸಿಡಿಯ ಚಿತ್ರ ಕೇವಲ 352 ಅಡ್ಡ, 288 ಉದ್ದ ಚುಕ್ಕೆಗಳದ್ದು. ಇಪ್ಪತ್ತು ವರ್ಷ ಹಳೆಯ ಯಂತ್ರವೂ ಅದನ್ನು ಸಲೀಸಾಗಿ ಓಡಿಸುತ್ತದೆ ಮಾರಾಯ್ರೆ!

ನೋಡಿ ಮುಗಿಸಿದರೆ ಸಾಲದು, ಉಳಿಸಿಕೊಳ್ಳಬೇಕು. ವಿಸಿಡಿ ಇಮೇಜರ್ ಎಂಬ ಪ್ಯಾಕೇಜಿನ ಜೊತೆ ವಿಸಿಡಿಎಕ್ಸ್‌ರಿಪ್ ಎಂಬ ಸಣ್ಣ ಉಪಕರಣ ಬರುತ್ತದೆ. ಟರ್ಮಿನಲ್ ತೆರೆದು ಡ್ರೈವಿನ ಹೆಸರಿನೊಂದಿಗೆ ಅದನ್ನು ಓಡಿಸಿದರೆ ಇಡೀ ವಿಡಿಯೋ ಎಂಪೆಗ್ ಫೈಲಾಗಿ ಹಾರ್ಡ್‌ಡಿಸ್ಕಿಗೆ ಇಳಿಯುತ್ತದೆ. ಮೊಬೈಲಿಗೆ ಬೇಕೆಂದು ಎಂಪಿ4 ಮಾಡಿಕೊಂಡರೂ ಈ ಮೂಲ ಫೈಲು ಅಳಿಸಬೇಡಿ.

ಡಿವಿಡಿಯ ಕಥೆ ಬೇರೆ

ಸ್ಟುಡಿಯೋದವರು ಕೊಟ್ಟ ಮದುವೆ ಡಿವಿಡಿಗೆ ಬೀಗ ಇರುವುದಿಲ್ಲ, ಹಾಕಿದೊಡನೆ ಓಡಬೇಕು. ಖಾಲಿ ಡಿಸ್ಕು ಎಂದು ತೋರಿಸಿದರೆ, ರೆಕಾರ್ಡ್ ಮಾಡಿದವರು ಕೊನೆಯಲ್ಲಿ ‘ಫೈನಲೈಸ್’ ಮಾಡದೆ ಬಿಟ್ಟಿರುವ ಸಾಧ್ಯತೆ ಉಂಟು. ನೇರ ಡಿಸ್ಕಿಗೇ ರೆಕಾರ್ಡ್ ಮಾಡುವ ಕ್ಯಾಮೆರಾಗಳಲ್ಲಿ ಇದು ಮಾಮೂಲು. ಅದೇ ಕ್ಯಾಮೆರಾ ಇನ್ನೂ ಇದ್ದರೆ ಅದಕ್ಕೇ ಹಾಕಿ ಆ ಕೆಲಸ ಮುಗಿಸಬಹುದು.

ಅಂಗಡಿಯಿಂದ ತಂದ ಸಿನಿಮಾ ಡಿವಿಡಿಗೆ ಮಾತ್ರ ಸಿಎಸ್‌ಎಸ್ ಎಂಬ ಬೀಗ ಇರುವುದುಂಟು. ಅದನ್ನು ಬಿಡಿಸುವ ಡಿಕ್ರಿಪ್ಟ್ ತಂತ್ರಾಂಶ 1999ರಲ್ಲಿ ಹೊರಬಂದಾಗ ನಾರ್ವೆಯ ಹುಡುಗ ಯೋನ್ ಯೊಹಾನ್ಸೆನ್ ಮೇಲೆ ಕೇಸಾಯಿತು. ಅವನಿಗಿನ್ನೂ ಹದಿಹರೆಯ. 2003ರಲ್ಲಿ ಅಲ್ಲಿಯ ಕೋರ್ಟು, ತಾನು ಕೊಂಡ ಡಿಸ್ಕನ್ನು ತಾನು ನೋಡುವುದು ಅಪರಾಧ ಅಲ್ಲವೆಂದು ಅವನನ್ನು ಬಿಟ್ಟಿತು. ಆದರೂ ಅಮೆರಿಕದ ಕಾನೂನಿಗೆ ಹೆದರಿ ಉಬುಂಟುವಿನಂಥ ಲಿನಕ್ಸ್‌ಗಳು ಈ ಕೀಲಿಯನ್ನು ಜೊತೆಗೆ ಕೊಡುವುದಿಲ್ಲ. ಲಿಬ್‌ಡಿವಿಡಿ-ಪಿಕೆಜಿ ಎಂಬ ಪ್ಯಾಕೇಜನ್ನು ನಾವೇ ಹಾಕಿ, ಆಮೇಲೆ ಅದನ್ನು ಇನ್ನೊಮ್ಮೆ ಕಾನ್ಫಿಗರ್ ಮಾಡಬೇಕು. ಆಗ ಅದು ಕೀಲಿಯನ್ನು ಇಂಟರ್ನೆಟ್ಟಿನಿಂದ ತಂದು ಜೋಡಿಸಿಕೊಳ್ಳುತ್ತದೆ. 2015ಕ್ಕಿಂತ ಹಳೆಯ ಉಬುಂಟುವಿನಲ್ಲಿ ಈ ಪ್ಯಾಕೇಜೇ ಇಲ್ಲ. ಅಂಥವುಗಳಲ್ಲಿ ಹೆಚ್ಚಿನವುಗಳ ತಂತ್ರಾಂಶ ಭಂಡಾರವನ್ನೂ ‘ಓಲ್ಡ್ ರಿಲೀಸಸ್’ ವಿಳಾಸಕ್ಕೆ ಸಾಗಿಸಿದ್ದಾರೆ. ಹೊಸ ಆವೃತ್ತಿ ಹಾಕಿಸುವುದೇ ಸುಲಭ.

ನಮ್ಮ ದೇಶದಲ್ಲಿ ಇದು ತಪ್ಪಾ? 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಮು, ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿಯುವುದನ್ನು ಶಿಕ್ಷಿಸುತ್ತದೆ. ದುಡ್ಡು ಕೊಟ್ಟು ತಂದ ಸಿನಿಮಾ ಮನೆಯಲ್ಲಿ ಕೂತು ನೋಡುವುದಕ್ಕೆ ಹೆದರುವ ಅಗತ್ಯ ಕಾಣುವುದಿಲ್ಲ. ಕಾಪಿ ತೆಗೆದು ಮಾರಿದರೆ ಅದು ಬೇರೆ ಮಾತು.

ಗಲ್ಫಿನಿಂದ ಬಂದ ಲ್ಯಾಪ್‌ಟಾಪ್ ಇರುವ ಮನೆಗಳಲ್ಲಿ ಇನ್ನೊಂದು ತಂಟೆ. ಡಿವಿಡಿಗೆ ವಲಯಗಳುಂಟು: ಗಲ್ಫ್ 2, ಭಾರತ 5. ದುಬೈಯಲ್ಲಿ 2ಕ್ಕೆ ಹೊಂದಿಸಿದ ಡ್ರೈವು 5ರ ಡಿಸ್ಕನ್ನು ಒಲ್ಲೆ ಎನ್ನಬಹುದು. ವಲಯ ಬದಲಿಸಲು ಐದೇ ಸಲ ಅವಕಾಶ, ಆಮೇಲೆ ಅಲ್ಲೇ ಗಟ್ಟಿ. ಸುಮ್ಮನೆ ಬದಲಿಸುತ್ತಾ ಹೋಗಬೇಡಿ. ಎಲ್ಲಾ ವಲಯಗಳಿಗೂ ಆಗುವ ಡಿಸ್ಕುಗಳೂ ಇಲ್ಲಿ ಬೇಕಷ್ಟು ಇವೆ.

ಬೂಷ್ಟು ಹಿಡಿದರೆ

ನಿಜವಾಗಿ ಹಾಳಾಗುವ ಡಿಸ್ಕುಗಳೂ ಇಲ್ಲದಿಲ್ಲ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ ಮಾಸುತ್ತದೆ. ನಮ್ಮ ಮಳೆಗಾಲದ ಬೂಷ್ಟು ಕವರಿನೊಳಗೂ ನುಗ್ಗುತ್ತದೆ. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ದೋಸೆ ಕಾವಲಿಗೆ ಎಣ್ಣೆ ಸವರಿದಂತೆ ಸುತ್ತಲೂ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೂ ಬೀಳುತ್ತದೆ. ಗೀರು ಬಿದ್ದ ಮದುವೆ ಡಿವಿಡಿಗೆ ಜಿಡಿಡಿರೆಸ್ಕ್ಯೂ ಪ್ಯಾಕೇಜ್ ಉಂಟು. ಅದು ಸುಲಭವಾಗಿ ಓದಲು ಬರುವುದನ್ನು ಮೊದಲು ಇಳಿಸಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಹೋಗುತ್ತದೆ. ಒಂದು ಡ್ರೈವಿನಲ್ಲಿ ಓದದ್ದು ಇನ್ನೊಂದರಲ್ಲಿ ಓದುವುದೂ ಉಂಟು. ಅಲ್ಲಿ ನಿಲ್ಲಿಸಿದ್ದನ್ನು ಇಲ್ಲಿ ಮುಂದುವರಿಸಬಹುದು.

ಸಿನಿಮಾ ಹೋದರೆ ಮತ್ತೆಲ್ಲಾದರೂ ಸಿಕ್ಕೀತು. ತಾಳಮದ್ದಳೆಯ ಮಾತು ಹಾಗಲ್ಲ. ಅರ್ಥಧಾರಿಗಳು ಬರೆದಿಟ್ಟು ಓದುವವರಲ್ಲ, ಎದುರಿನವರ ಮಾತಿಗೆ ಅಲ್ಲೇ ಉತ್ತರ ಕಟ್ಟುವವರು. ಒಂದು ರಾತ್ರಿ ಆಡಿದ್ದನ್ನು ಅವರೇ ಇನ್ನೊಂದು ರಾತ್ರಿ ಹಾಗೆಯೇ ಆಡುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅಂಥ ಹಿರಿಯರು ಹಳ್ಳಿಯ ಚಾವಡಿಯಲ್ಲಿ ಕೂತು ಆಡಿದ ಮಾತಿನ ಏಕೈಕ ಪ್ರತಿ ಯಾರದೋ ಕಪಾಟಿನಲ್ಲಿ ಇರಲೂಬಹುದು.

ಇಳಿಸಿಕೊಂಡ ಫೈಲಿಗೆ ಯಂತ್ರ ಕೊಟ್ಟ ಹೆಸರನ್ನು ಹಾಗೆಯೇ ಬಿಡಬೇಡಿ. ಯಾವ ಪ್ರಸಂಗ, ಯಾರ ಯಾವ ಪಾತ್ರ, ಭಾಗವತರು ಯಾರು, ಯಾವ ಊರು, ಯಾವ ವರ್ಷ ಎಂದು ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದಿಡಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರಲಿ.