ನಿಮಗಿದು ಗೊತ್ತೇ? ಕಂಡವರ ಜಗಳಕ್ಕೆ ನಮ್ಮ ಮಕ್ಕಳೇಕೆ ಎಂದವರು

ಲೆನಿನ್ ಬಣ 1917ರ ನವೆಂಬರಿನಲ್ಲಿ ಅಧಿಕಾರ ಹಿಡಿದ ಮೇಲೆ ರಷ್ಯಾದಲ್ಲಿ ಆ ಬಣದ ಕೆಂಪು ಸೇನೆಗೂ ವಿರೋಧಿಗಳ ಬಿಳಿ ಸೇನೆಗೂ ಅಂತರ್ಯುದ್ಧ ಹತ್ತಿಕೊಂಡಿತು. ಅದರೊಳಗೆ ಬ್ರಿಟನ್, ಫ್ರಾನ್ಸ್, ಅಮೆರಿಕ, ಜಪಾನ್, ಕೆನಡಾ ಮತ್ತಿತರ ದೇಶಗಳೂ ಪಡೆ ಕಳಿಸಿ ತಲೆ ಹಾಕಿದವು. ಶಾಲೆಯ ಪಠ್ಯದಲ್ಲಿ ಇದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ಆ ದೇಶಗಳ ಜನರೇ ಇದಕ್ಕೆ ಅಡ್ಡ ನಿಂತ ಕಥೆಯಂತೂ ಆ ಎರಡು ಸಾಲಿನಲ್ಲೂ ಇರುವುದಿಲ್ಲ.

● ಜಪಾನಿನ ಟೊಯಾಮಾ ಪ್ರಾಂತ್ಯದ ಉವೊಜು ಎಂಬ ಬಂದರಿನಲ್ಲಿ 1918ರ ಜುಲೈನಲ್ಲಿ ಮೀನುಗಾರರ ಹೆಂಡಂದಿರು ಒಟ್ಟಾಗಿ ಹೋಗಿ, ಹಡಗಿಗೆ ಅಕ್ಕಿ ತುಂಬುವುದನ್ನು ತಡೆದರು. ಸೈಬೀರಿಯಕ್ಕೆ ದಂಡು ಹೋಗುತ್ತದೆ, ಸೇನೆ ಅಕ್ಕಿ ಖರೀದಿಸುತ್ತದೆ ಎಂಬ ಲೆಕ್ಕದಲ್ಲಿ ವ್ಯಾಪಾರಿಗಳು ದಾಸ್ತಾನು ಮಾಡತೊಡಗಿದ್ದರು. ಮೊದಲೇ ಏರಿದ್ದ ಬೆಲೆ ಇನ್ನೂ ಏರಿತು. ಆಗಸ್ಟ್ 2ಕ್ಕೆ ಸರ್ಕಾರ ದಂಡಯಾತ್ರೆಯನ್ನು ಘೋಷಿಸಿತು. ಗಲಭೆ ಕ್ಯೋಟೋ, ಒಸಾಕಾ, ಕೋಬೆಗಳಿಗೆ ಹಬ್ಬಿತು, ಸೆಪ್ಟೆಂಬರಿನಲ್ಲಿ ಪ್ರಧಾನಿ ತೆರಾವುಚಿ ರಾಜೀನಾಮೆ ಕೊಟ್ಟರು. ಇದನ್ನು ಯುದ್ಧವಿರೋಧಿ ಚಳವಳಿ ಎಂದು ಕರೆಯುವುದು ಅಷ್ಟು ಸರಿಯಲ್ಲ. ಆ ಹೆಂಗಸರು ಕೇಳಿದ್ದು ಅಕ್ಕಿಯನ್ನು, ಶಾಂತಿಯನ್ನಲ್ಲ. ಸರ್ಕಾರ ಬಿದ್ದರೂ ದಂಡು ಮಾತ್ರ ಹಿಂದಿರುಗಲಿಲ್ಲ. ಒಂದು ಹಂತದಲ್ಲಿ 70,000ದಷ್ಟು ಜಪಾನಿ ಸೈನಿಕರು ಅಲ್ಲಿದ್ದರು. ಅಲ್ಲಿನ ವ್ಲಾಡಿವೊಸ್ಟಾಕ್ ಬಂದರನ್ನು ಅವರು ಬಿಟ್ಟಿದ್ದು 1922ರ ಅಕ್ಟೋಬರಿನಲ್ಲಿ.

● ಕೆನಡಾದ ಪಶ್ಚಿಮ ಕರಾವಳಿಯ ವಿಕ್ಟೋರಿಯಾ ನಗರ, 1918ರ ಡಿಸೆಂಬರ್ 21. ಮಹಾಯುದ್ಧ ನಿಂತು 40 ದಿನ ಕಳೆದಿತ್ತು. 259ನೇ ಬೆಟಾಲಿಯನ್ನಿನ ಸೈನಿಕರು ಶಿಬಿರದಿಂದ ಬಂದರಿಗೆ ಸಾಲಾಗಿ ನಡೆಯುತ್ತಿದ್ದರು. ಧಕ್ಕೆಯಲ್ಲಿ ಅವರನ್ನು ಸೈಬೀರಿಯಕ್ಕೆ ಒಯ್ಯಲು ‘ಟೀಸ್ಟಾ’ ಎಂಬ ಹಡಗು ಕಾದಿತ್ತು. ನಡುದಾರಿಯಲ್ಲಿ ಹಿಂದಿನ ಎರಡು ತುಕಡಿಗಳು ನಿಂತೇಬಿಟ್ಟವು. ಇವರಲ್ಲಿ ಹೆಚ್ಚಿನವರು ಕಡ್ಡಾಯ ಭರ್ತಿಯ ಮೇಲೆ ಬಂದ ಕ್ವೆಬೆಕ್‌ನ ಫ್ರೆಂಚ್ ಭಾಷಿಕರು. ಅಧಿಕಾರಿಗಳು ಪಿಸ್ತೂಲು ತೆಗೆದು ತಲೆಯ ಮೇಲಿಂದ ಗುಂಡು ಹಾರಿಸಿದರು. ಅದಕ್ಕೂ ಬಗ್ಗದಿದ್ದಾಗ, ಮಾತು ಕೇಳುತ್ತಿದ್ದ ಸೈನಿಕರಿಗೆ ಸೊಂಟದ ಬೆಲ್ಟು ಬಿಚ್ಚಿ ಬಾರಿಸಲು ಆಜ್ಞೆಯಾಯಿತು. ಕೊನೆಗೆ ಬಯೊನೆಟ್ ತುದಿಯಲ್ಲಿ ಅವರನ್ನು ಹಡಗಿಗೆ ಹತ್ತಿಸಿದರು. ಮರುದಿನವೇ ವಿನಿಪೆಗ್‌ನ ವಾಕರ್ ಥಿಯೇಟರಿನಲ್ಲಿ ಕಾರ್ಮಿಕರ ಸಭೆ ಸೇರಿ, ರಷ್ಯಾದಿಂದ ಸೇನೆ ವಾಪಸಾಗಲಿ ಎಂದು ನಿರ್ಣಯ ಮಾಡಿತು. ಸೈಬೀರಿಯಕ್ಕೆ ಹೋದ ಸುಮಾರು 4,000 ಕೆನಡಿಯನ್ನರು ಆರೇ ತಿಂಗಳಲ್ಲಿ ಊರು ಸೇರಿದರು. ಬೆಲ್ಟಿನೇಟು ತಿಂದದ್ದಷ್ಟೇ ಲಾಭ.

● ಅಮೆರಿಕದ ಸೆನೆಟ್‌ನಲ್ಲಿ, ರಷ್ಯಾದಿಂದ ಪಡೆ ವಾಪಸಾಗಲಿ ಎಂಬ ಹೈರಮ್ ಜಾನ್ಸನ್ ಅವರ ನಿರ್ಣಯಕ್ಕೆ 1919ರ ಫೆಬ್ರುವರಿಯಲ್ಲಿ ಬಿದ್ದ ಮತಗಳು 33, ವಿರುದ್ಧ ಬಿದ್ದವೂ 33. ಉಪಾಧ್ಯಕ್ಷ ಥಾಮಸ್ ಮಾರ್ಷಲ್ ತಮ್ಮ ಮತವನ್ನು ‘ಬೇಡ’ ಕಡೆಗೆ ಹಾಕಿದರು. ಜಾನ್ಸನ್ ಬೆನ್ನಿಗೆ ಡೆಟ್ರಾಯಿಟ್ ಸುತ್ತಲಿನ ಮನೆಮಂದಿ ಇದ್ದರು. ಅವರ ಹುಡುಗರ 339ನೇ ರೆಜಿಮೆಂಟ್, ಉತ್ತರ ರಷ್ಯಾದ ಆರ್ಖಾಂಗೆಲ್ಸ್ಕ್ ಸುತ್ತಲ ಹಿಮದಲ್ಲಿ ಸಿಕ್ಕಿಕೊಂಡಿತ್ತು.

● ಇನ್ನೊಂದು ಕಥೆ ಕಿಟಕಿಯಿಂದ ಬಿದ್ದ ಕಾಗದದ್ದು. 1918ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಕಟ್ಟಡವೊಂದರಿಂದ ಬೀದಿಗೆ ಕರಪತ್ರಗಳು ಉದುರಿದವು. ಕೆಲವು ಇಂಗ್ಲಿಷಿನಲ್ಲಿ, ಕೆಲವು ಯಿಡ್ಡಿಷ್ ಭಾಷೆಯಲ್ಲಿ. ರಷ್ಯಾಕ್ಕೆ ಸೇನೆ ಕಳಿಸಬೇಡಿ ಎಂಬುದೇ ಒಕ್ಕಣೆ. ಹಂಚಿದವರು ರಷ್ಯಾದಿಂದ ಬಂದು ನೆಲೆಸಿದ್ದ ಯಹೂದಿ ಯುವಕರು, ಹೆಚ್ಚಿನವರು ಅರಾಜಕವಾದಿಗಳು. ಜೇಕಬ್ ಏಬ್ರಮ್ಸ್ ಮತ್ತಿಬ್ಬರಿಗೆ 20 ವರ್ಷ ಜೈಲು, ಇಪ್ಪತ್ತರ ಆಸುಪಾಸಿನ ಮೋಲಿ ಸ್ಟೈಮರ್‌ಗೆ 15 ವರ್ಷ. 1919ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ಆಗ ನ್ಯಾಯಮೂರ್ತಿ ಹೋಮ್ಸ್ ಬರೆದ ಭಿನ್ನಮತದ ತೀರ್ಪು ವಾಕ್‌ಸ್ವಾತಂತ್ರ್ಯದ ಕಾನೂನಿನಲ್ಲಿ ಇವತ್ತಿಗೂ ಜೀವಂತ. ನಮ್ಮ ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ರದ್ದು ಮಾಡಿದಾಗ ಅದನ್ನು ನೆನೆದಿದೆ.

ಮುಂದೇನಾಯಿತು ಅಂತೀರಾ? 1921ರಲ್ಲಿ ಏಬ್ರಮ್ಸ್, ಮೋಲಿ ಮತ್ತಿತರರನ್ನು ರಷ್ಯಾಕ್ಕೇ ಗಡಿಪಾರು ಮಾಡಿದರು. ಜೈಲಿಗೆ ಬಿದ್ದ ಅರಾಜಕವಾದಿಗಳ ಪರ ಮೋಲಿ ಅಲ್ಲೂ ದನಿ ಎತ್ತಿದಳು. 1923ರಲ್ಲಿ ಸೋವಿಯತ್ ಸರ್ಕಾರವೂ ಆಕೆಯನ್ನು ದೇಶದಿಂದ ಹೊರಗಟ್ಟಿತು.

● ಕಪ್ಪು ಸಮುದ್ರದಲ್ಲಿದ್ದ ಫ್ರೆಂಚ್ ಯುದ್ಧನೌಕೆಗಳಾದ ‘ಫ್ರಾನ್ಸ್’, ‘ಜ್ಯಾಂ ಬಾರ್’ ಮೇಲೆ ನಾವಿಕರು ಕೆಂಪು ಬಾವುಟ ಏರಿಸಿದ್ದು 1919ರ ಏಪ್ರಿಲಿನಲ್ಲಿ. ರೊಚ್ಚಿಗೆ ಒಂದು ಕಾರಣ ಸಿದ್ಧಾಂತವಲ್ಲ, ಈಸ್ಟರ್ ಹಬ್ಬದ ದಿನ ಕಲ್ಲಿದ್ದಲು ಹೊರಿ ಎಂದ ಆಜ್ಞೆ. ಬೇರೊಂದು ಹಡಗಿನಲ್ಲಿ ದಂಗೆಗೆ ಸಂಚು ಮಾಡಿ ಸಿಕ್ಕಿಬಿದ್ದ ಆಂದ್ರೆ ಮಾರ್ಟಿಗೆ 20 ವರ್ಷದ ಕಠಿಣ ಶಿಕ್ಷೆಯಾಯಿತು. 1923ರಲ್ಲಿ ಬಿಡುಗಡೆ, ಮರುವರ್ಷ ಸಂಸತ್ ಸದಸ್ಯ!

● ವಿರೋಧಿಸಿದವರೆಲ್ಲ ಎಡಪಂಥೀಯರು ಅಂದುಕೊಳ್ಳಬೇಡಿ. ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಕರ್ನಲ್ ಷೆರ್‌ವುಡ್ ಕೆಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಅಪ್ಪಟ ಸೈನಿಕ. ಉತ್ತರ ರಷ್ಯಾದಲ್ಲಿರುವ ನಮ್ಮವರನ್ನು ಸುರಕ್ಷಿತವಾಗಿ ಕರೆತರಲು ಹೋಗುತ್ತಿದ್ದೇವೆಂದು ಜನರಿಗೆ ಹೇಳಿ, ಅಲ್ಲಿ ದಾಳಿಗೆ ಬಳಸಿಕೊಂಡರು ಎಂದು 1919ರ ಸೆಪ್ಟೆಂಬರಿನಲ್ಲಿ ‘ಡೈಲಿ ಎಕ್ಸ್‌ಪ್ರೆಸ್’ಗೆ ಪತ್ರ ಬರೆದರು. ಆ ಪತ್ರಿಕೆಯೂ ಬಲಪಂಥದ್ದೇ. ಪತ್ರಿಕೆಗೆ ಬರೆದ ತಪ್ಪಿಗೆ ಕೋರ್ಟ್ ಮಾರ್ಷಲ್ ನಡೆದು, ಕಟು ಛೀಮಾರಿಯಲ್ಲಿ ಮುಗಿಯಿತು. ಯುದ್ಧ ಮಂತ್ರಿಯಾಗಿದ್ದವರು ವಿನ್‌ಸ್ಟನ್ ಚರ್ಚಿಲ್. ಇದು ಚರ್ಚಿಲ್ಲರ ಖಾಸಗಿ ಯುದ್ಧ ಎಂಬ ಕುಹಕ ಆಗ ಲಂಡನ್ನಿನಲ್ಲಿ ಓಡಾಡುತ್ತಿತ್ತು.

● ಭಾರತೀಯ ಸೈನಿಕರೂ ಆ ಅಂತರ್ಯುದ್ಧದಲ್ಲಿ ಕಾದಿದ್ದಾರೆ. 19ನೇ ಪಂಜಾಬೀಸ್ ಮತ್ತು 28ನೇ ಲೈಟ್ ಕ್ಯಾವಲ್ರಿ ದಳದವರು ಜನರಲ್ ಮ್ಯಾಲೆಸನ್ ಕೈಕೆಳಗೆ, ಇಂದಿನ ತುರ್ಕಮೆನಿಸ್ತಾನದ ರೈಲುದಾರಿಯ ಉದ್ದಕ್ಕೂ ಕೆಂಪು ಸೇನೆಯನ್ನು ಎದುರಿಸಿದರು. 1919ರ ಏಪ್ರಿಲ್ ಹೊತ್ತಿಗೆ ಅವರನ್ನು ಹಿಂದಕ್ಕೆ ಕರೆಸಲಾಯಿತು. ಹೋಗಬೇಕೇ ಬೇಡವೇ ಎಂದು ಇಲ್ಲಿ ಯಾರನ್ನೂ ಕೇಳಿರಲಿಲ್ಲ.

● ಸಿಯಾಟಲ್ ಬಂದರು, 1919ರ ಸೆಪ್ಟೆಂಬರ್. ಪೆಟ್ಟಿಗೆಗಳ ಮೇಲೆ ‘ಹೊಲಿಗೆ ಯಂತ್ರ’ ಎಂದು ಬರೆದಿತ್ತು. ಹಮಾಲರಿಗೆ ಅನುಮಾನ ಬಂದು ಒಂದನ್ನು ‘ಕೈಜಾರಿ’ ಬೀಳಿಸಿದರು ಎಂಬುದು ಅಲ್ಲಿನ ಕಾರ್ಮಿಕರು ಹೇಳಿಕೊಂಡು ಬಂದ ಕಥೆ. ಒಳಗಿದ್ದದ್ದು ಬಿಳಿ ಸೇನೆಯ ಅಡ್ಮಿರಲ್ ಕೊಲ್ಚಾಕ್‌ಗೆ ಹೊರಟ ಬಂದೂಕು. ಸರಕು ತುಂಬಲು ಅವರು ಒಪ್ಪಲಿಲ್ಲ.

● ಲಂಡನ್ನಿನ ಈಸ್ಟ್ ಇಂಡಿಯಾ ಡಾಕ್‌ನಲ್ಲಿ ನಡೆದದ್ದು ಇದಕ್ಕಿಂತ ಪ್ರಸಿದ್ಧ. 1920ರ ಮೇ 10ರಂದು ‘ಜಾಲಿ ಜಾರ್ಜ್’ ಹಡಗಿಗೆ ಏರಬೇಕಿದ್ದ ಪೆಟ್ಟಿಗೆಗಳ ಮೇಲೆ, ಸಿಯಾಟಲ್‌ನ ಜಾಣತನವೂ ಇಲ್ಲದೆ, ಪೋಲೆಂಡಿಗೆ ಹೋಗುವ ಮದ್ದುಗುಂಡು ಎಂದೇ ಬರೆದಿತ್ತು. ಪೋಲೆಂಡ್ ಸೇನೆ ಮೂರು ದಿನ ಹಿಂದಷ್ಟೇ ಸೋವಿಯತ್ ವಶದಲ್ಲಿದ್ದ ಕೀವ್ ನಗರಕ್ಕೆ ನುಗ್ಗಿತ್ತು. ಹಮಾಲರು ಪೆಟ್ಟಿಗೆ ಮುಟ್ಟಲಿಲ್ಲ. ಇಷ್ಟೇ ಆಗಿದ್ದರೆ ಮಾಲೀಕರು ಬೇರೆ ಆಳು ತರುತ್ತಿದ್ದರೇನೋ, ಹಡಗಿಗೆ ಕಲ್ಲಿದ್ದಲು ತುಂಬುವವರೂ ಕೈಕಟ್ಟಿ ನಿಂತರು. ಕಲ್ಲಿದ್ದಲಿಲ್ಲದೆ ಹಡಗು ಎಲ್ಲಿಗೆ ಹೋದೀತು? ಕೊನೆಗೆ ಮದ್ದುಗುಂಡನ್ನು ದಡದಲ್ಲೇ ಬಿಟ್ಟು ಅದು ಹೊರಟಿತು. ಹ್ಯಾರಿ ಪಾಲಿಟ್ ಎಂಬ ಬಾಯ್ಲರ್ ಕೆಲಸಗಾರ ತಿಂಗಳುಗಟ್ಟಲೆ ಆ ಬಂದರಿನಲ್ಲಿ ‘ರಷ್ಯಾದಿಂದ ಕೈ ತೆಗೆಯಿರಿ’ ಎಂದು ಪ್ರಚಾರ ಮಾಡಿದ್ದ. ಮುಂದೆ ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದವನು ಅವನೇ.

● ಅದೇ ವರ್ಷದ ಆಗಸ್ಟಿನಲ್ಲಿ ಕೆಂಪು ಸೇನೆ ವಾರ್ಸಾ ಬಾಗಿಲಿಗೆ ಬಂದು, ಬ್ರಿಟನ್ ಯುದ್ಧಕ್ಕಿಳಿಯುತ್ತದೆ ಎಂಬ ಭಯ ಹುಟ್ಟಿದಾಗ, ಲೇಬರ್ ಪಕ್ಷ ಮತ್ತು ಕಾರ್ಮಿಕ ಸಂಘಗಳು ಸೇರಿ ‘ಕೌನ್ಸಿಲ್ ಆಫ್ ಆ್ಯಕ್ಷನ್’ ಕಟ್ಟಿದವು. ಊರೂರಿನಲ್ಲಿ ಇಂಥ ಸುಮಾರು 350 ಸಮಿತಿಗಳು ಎದ್ದವು. ಯುದ್ಧ ಸಾರಿದರೆ ದೇಶಾದ್ಯಂತ ಮುಷ್ಕರ ಎಂಬ ಬೆದರಿಕೆ ಹಾಕಿದವು. ಯುದ್ಧ ನಡೆಯಲಿಲ್ಲ. ತಡೆದದ್ದು ನಾವೇ ಎಂದು ಕಾರ್ಮಿಕ ನಾಯಕರು ಬೆನ್ನು ತಟ್ಟಿಕೊಂಡರು. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಪ್ರಧಾನಿ ಲಾಯ್ಡ್ ಜಾರ್ಜ್‌ಗೆ ಯುದ್ಧ ಮೊದಲೇ ಬೇಕಿರಲಿಲ್ಲ, ಕಾರ್ಮಿಕರ ಗದ್ದಲ ಅವರಿಗೆ ಒಳ್ಳೆಯ ನೆಪವಾಯಿತು. ಮೇಲಾಗಿ ಆಗಸ್ಟ್ ಮಧ್ಯದಲ್ಲಿ ಪೋಲೆಂಡಿನವರೇ ವಾರ್ಸಾ ಬಳಿ ಕೆಂಪು ಸೇನೆಯನ್ನು ಹಿಮ್ಮೆಟ್ಟಿಸಿದರು. ಆ ಸಮಿತಿಗಳನ್ನು ಲೆನಿನ್ ರಷ್ಯಾದ ಸೋವಿಯತ್ತುಗಳಿಗೆ ಹೋಲಿಸಿದ್ದಂತೂ ದೊಡ್ಡ ಉತ್ಪ್ರೇಕ್ಷೆ.

● ‘ಜಾಲಿ ಜಾರ್ಜ್’ ಹಮಾಲರ ಬೆನ್ನಿಗೆ ನಿಂತ, ಕೌನ್ಸಿಲ್ ಆಫ್ ಆ್ಯಕ್ಷನ್ ಪರವಾಗಿ ಪ್ರಧಾನಿಯ ಜೊತೆ ವಾದಕ್ಕಿಳಿದ ಕಾರ್ಮಿಕ ನಾಯಕ ಅರ್ನೆಸ್ಟ್ ಬೆವಿನ್. 1945ರಲ್ಲಿ ಅವರು ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾದರು. ಗ್ರೀಸಿನಲ್ಲಿ ಕಮ್ಯುನಿಸ್ಟರ ವಿರುದ್ಧ ಅಂತರ್ಯುದ್ಧ ನಡೆದಿತ್ತು. ಅಲ್ಲಿ ಬ್ರಿಟಿಷ್ ಪಡೆಗಳು ಇರಲಿ ಎಂದವರು ಇದೇ ಬೆವಿನ್, ಬೇಡ ಎಂದು ಎದ್ದು ನಿಂತವರು ಅವರದೇ ಲೇಬರ್ ಪಕ್ಷದ ಸಂಸದರು. ಆ ಖರ್ಚು ಇನ್ನು ನಮ್ಮಿಂದಾಗದು ಎಂದು 1947ರ ಫೆಬ್ರುವರಿಯಲ್ಲಿ ಬ್ರಿಟನ್ ಅಮೆರಿಕಕ್ಕೆ ತಿಳಿಸಿತು. ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಆ ಹೊರೆಯನ್ನು ತಮ್ಮ ಹೆಗಲಿಗೆ ತೆಗೆದುಕೊಂಡರು.